ತೋರಿಸುವ ಒಲೆ

ಯಲ್ಲಪ್ಪ ಸತ್ತು ಎಷ್ಟೋ ವರ್ಷಗಳಾಗಿದ್ದರೂ ತಿಂಗಳಿಗೊಮ್ಮೆ ಆ ಮನೆಯವರಿಗೆ ಮೀನು ತಿನ್ನಿಸುತ್ತಿದ್ದ.

ಅವನು ಶಂಕ್ರವ್ವನ ಮೊದಲ ಗಂಡ. ಮುಂಡಗೋಡದ ಹತ್ತಿರ ಕಟ್ಟಿಗೆ ತುಂಬಿದ ಲಾರಿ ಮಗುಚಿ ಹೋದವನು. ಅವನ ಹೆಸರಿನ ಮೇಲೆ ಶಂಕ್ರವ್ವನಿಗೆ ವಿಧವಾ ವೇತನ ಮಂಜೂರಾಗಿತ್ತು. ಊರಿನವರ ಬಾಯಲ್ಲಿ ಅದು ವಿಧವಾ ಪಗಾರ. ಆಮೇಲೆ ಅವಳು ದಾಂಡೇಲಿಯ ಸೋಮಪ್ಪನಿಗೆ ಉಡಕಿಯಾಗಿ ಬಂದಳು. ಸೋಮಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ಗಂಗವ್ವ ಬಾಣಂತನದಲ್ಲಿ ತೀರಿಕೊಂಡು, ಹಾಲು ಕುಡಿಯುವ ಮಗ ಮಲ್ಲೇಶ ಉಳಿದಿದ್ದ.

ವಿಧವೆಗೆ ಮಾಡುವ ಉಡಕಿ ಮದುವೆಗೆ ಹಂದರವಿಲ್ಲ, ಅಕ್ಷತೆಯಿಲ್ಲ, ಫೋಟೋ ಇಲ್ಲ. ಹೊತ್ತು ಮುಳುಗಿದ ಮೇಲೆ ಸೀರೆ ಉಡಿಸಿ, ತಾಳಿ ಕಟ್ಟಿಸಿ ಮನೆ ತುಂಬಿಸಿಕೊಳ್ಳುತ್ತಾರೆ. ಗಂಡನುಳ್ಳ ಹೆಂಗಸರು ಅದನ್ನು ಕಣ್ಣಿಂದ ನೋಡುವಂತಿಲ್ಲ. ನೆರೆಮನೆಯ ಕಾಶೆವ್ವ ಅವತ್ತು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ಮುಂದೆ ನಿಂತು ಎಲ್ಲ ಮಾಡಿದವಳು ಸೋಮಪ್ಪನ ಅಕ್ಕ ಸತ್ತೆವ್ವ. ಅವಳೂ ವಿಧವೆ.

ಮರುಮದುವೆಯಾದರೆ ಪಗಾರ ನಿಲ್ಲುತ್ತದೆ ಎಂಬುದು ಸೋಮಪ್ಪನಿಗೆ ಗೊತ್ತಿತ್ತು. "ಸರಕಾರ ಏನು ಉಡಕಿ ಊಟಕ್ಕ ಬಂದಿತ್ತೇನು? ಬರೂದು ಬರ್ಲಿ ಬಿಡು," ಅಂದಿದ್ದ. ಹಿತ್ತಲಲ್ಲಿ ತಗಡಿನ ಸಣ್ಣ ಚಪ್ಪರ ಹಾಕಿ, ಒಂದು ಮಣ್ಣಿನ ಒಲೆ ಹೂಡಿದ. ಹೆಂಡತಿಯ ರೇಷನ್ ಕಾರ್ಡನ್ನು ಬೇರೆ ಮಾಡಿಸಿದ. ಪಗಾರದ ಪರಿಶೀಲನೆಗೆ ಕಂದಾಯ ಇಲಾಖೆಯ ತಲಾಟಿ ಬರುತ್ತಾನೆ ಎಂದು ಸುದ್ದಿ ಬಂದ ಕೂಡಲೇ ಶಂಕ್ರವ್ವ ತಾಳಿ ಬಿಚ್ಚಿ ಉಪ್ಪಿನ ಡಬ್ಬಿಯಲ್ಲಿ ಹುದುಗಿಸಿ, ಹಣೆ ಒರೆಸಿಕೊಂಡು, ಹಿತ್ತಲ ಒಲೆ ಹಚ್ಚಿ ಅದರ ಮುಂದೆ ಕೂಡುತ್ತಿದ್ದಳು. ತಲಾಟಿಗಳು ಬದಲಾದರು, ಪ್ರಶ್ನೆಗಳು ಬದಲಾಗಲಿಲ್ಲ. ಗಂಡನ ಹೆಸರು? ಯಲ್ಲಪ್ಪ, ತೀರಿಕೊಂಡಾರ್ರಿ. ಮತ್ತ ಲಗ್ನ ಆಗೀಯೇನು? ಇಲ್ರಿ. ಎಲ್ಲಿ ಇರ್ತಿ? ಇಲ್ಲೇ ಹಿಂದ್ರಿ, ಬ್ಯಾರೆ ಅಡಿಗಿ ಮಾಡ್ಕೊಂಡು. ತಲಾಟಿ ಬೀದಿ ದಾಟಿದ ಮೇಲೆ ಒಲೆಗೆ ನೀರು ಸುರಿದು, ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಬಂದು ತಾಳಿ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ಅದರ ಹೆಸರೇ ತೋರಿಸೋ ಒಲಿ.

ಪಗಾರ ಬಂದ ದಿನ ಸೋಮಪ್ಪ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದ, "ಯಲ್ಲಪ್ಪ ಏನು ತಿನಸ್ತಾನ ಇವತ್ತ?" ಮೀನು ಮಾರುವ ರಹಿಮತಬಿಗೂ ಆ ದಿನ ಗೊತ್ತಿತ್ತು. ಮಲ್ಲೇಶನ ಶಾಲೆಯ ಬೂಟು, ಐಟಿಐ ಫೀಸು, ಬೇಸಿಗೆಯ ಫ್ಯಾನು, ಇವೆಲ್ಲ ಯಲ್ಲಪ್ಪ ಕೊಡಿಸಿದ್ದೆಂದು ಮನೆಯವರು ನಗುತ್ತ ಹೇಳುತ್ತಿದ್ದರು. ಸೊಸೆಯಾಗಿ ಬಂದ ಸುವರ್ಣಾ ಮೊದಲು ಬೆರಗಾಗಿ, ಆಮೇಲೆ ತಾನೂ ನಗುವುದನ್ನು ಕಲಿತಳು.

ಈ ವರ್ಷ ಸೋಮಪ್ಪ ತೀರಿಕೊಂಡ. ದಿನಕರ್ಮ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಮಲ್ಲೇಶ ಮಾತು ತೆಗೆದ. ಅವನು ಕೋಗಿಲಬನದ ಕಡೆ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದ.

"ಮನೀ ಉತಾರಕ್ಕ ಅಪ್ಪನ ಹೆಸರು ತಗದು ನನ್ನ ಹೆಸರು ಹಚ್ಚಿಸಬೇಕು. ಮ್ಯಾಲ ಎರಡು ಖೋಲಿ ಕಟ್ಟಿದ್ರ ರ‍್ಯಾಫ್ಟಿಂಗಿಗೆ ಬರೂ ಮಂದಿಗೆ ಕೊಡಬಹುದು. ಎಷ್ಟು ದಿನ ಇನ್ನೊಬ್ಬರ ಗಾಡಿ ಓಡಸೂದು. ಉತಾರ ಹೆಸರಿಗೆ ಆದ್ರ ಸಾಲ ಕೊಡ್ತೇವಿ ಅಂತಾರ ಬ್ಯಾಂಕಿನವರು."

"ಹಚ್ಚಿಸು. ಯಾರು ಬ್ಯಾಡ ಅಂದಾರ," ಅಂದಳು ಶಂಕ್ರವ್ವ, ರೊಟ್ಟಿ ಬಡಿಯುತ್ತ. "ಹಂಗ ನನ್ನ ಹೆಸರೂ ಹಚ್ಚಿಸು."

ಮಲ್ಲೇಶ ತುತ್ತನ್ನು ಕೈಯಲ್ಲೇ ಹಿಡಿದ. "ನಿನ್ನ ಹೆಸರು ಯಾಕ, ಚಿಗವ್ವ?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾತು ಬಂದಾಗಿನಿಂದ ಮಲ್ಲೇಶ ಅವಳನ್ನು ಯವ್ವಾ ಎಂದೇ ಕರೆದವನು. ಚಿಗವ್ವ ಅಂದರೆ ಅಪ್ಪನ ಎರಡನೆಯ ಹೆಂಡತಿ. ಆ ಮಾತು ಆ ಮನೆಯಲ್ಲಿ ಮೊದಲ ಸಲ ಕೇಳಿಸಿತ್ತು. ಸುವರ್ಣಾ ಸಾರಿನ ಸೌಟು ಹಿಡಿದು ನಿಂತು ಇಬ್ಬರ ಮುಖವನ್ನೂ ನೋಡಿದಳು.

"ನಾ ಹೋದ ಮ್ಯಾಲ ಎಲ್ಲಾ ನಿಂದ," ಅಂದಳು ಶಂಕ್ರವ್ವ. "ಇರೂತನಕ ನನ್ನ ಯಾರೂ ಹೊರಗ ಹಾಕಬಾರದು. ಅದಕ್ಕ."

"ಯಾರು ಹಾಕ್ತಾರ ನಿನ್ನ?"

"ಈಗಷ್ಟ ಚಿಗವ್ವ ಅಂದ್ಯಲ್ಲ. ಹಂಗ ಅಂದಂವ ಹಾಕ್ತಾನ."

ಮಲ್ಲೇಶ ತಾಟಿನಲ್ಲೇ ಕೈ ತೊಳೆದು ಎದ್ದ. ರೊಟ್ಟಿ ಅರ್ಧ ಉಳಿದಿತ್ತು.

ಸುವರ್ಣಾ ಹಳಿಯಾಳದ ಹುಡುಗಿ, ಬಿ.ಕಾಂ. ಓದಿದವಳು. ತಹಶೀಲ್ದಾರ ಕಚೇರಿಯ ಎದುರಿಗಿದ್ದ ಉದಯಕುಮಾರನ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಬಾಡಿಗೆ ಕರಾರು, ಜಾತಿ-ಆದಾಯದ ಅರ್ಜಿ, ಹೆಸರು ಬದಲಿಯ ಪ್ರಮಾಣಪತ್ರ, ಹಕ್ಕು ಬಿಡುಗಡೆ ಪತ್ರ, ಎಲ್ಲವೂ ಅವಳ ಕೈಮೇಲೆ ಹೋಗುತ್ತಿದ್ದವು. ಯಾವುದಕ್ಕೆ ಬಾಂಡ್ ಕಾಗದ ಬೇಕು, ಯಾವುದಕ್ಕೆ ಬಿಳಿ ಹಾಳೆ ಸಾಕು, ಯಾವುದನ್ನು ನೋಟರಿ ಮಾಡಿದರೆ ಮುಗಿಯಿತು, ಯಾವುದಕ್ಕೆ ಸಬ್‌ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು ಒತ್ತಲೇಬೇಕು, ಇವನ್ನು ಅವಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಒಂದು ಅಕ್ಷರ ತಪ್ಪಿದರೆ ಅರ್ಜಿ ವಾಪಸು ಬರುತ್ತದೆ. ಅದಕ್ಕೆ ಅವಳು ಮನೆಯಲ್ಲೂ ಮಾತನ್ನು ಎರಡು ಸಲ ನೋಡಿಯೇ ಆಡುತ್ತಿದ್ದಳು.

ಅವತ್ತು ಗಂಡ ಹೊರಗೆ ಹೋದ ಮೇಲೆ ಅತ್ತೆಯ ಪಕ್ಕ ಕೂತು, ಸಮಾಧಾನದಿಂದ ಹೇಳಿದಳು.

"ಅತ್ತಿ, ಉತಾರಕ್ಕ ಹೆಸರು ಹಚ್ಚಬೇಕಂದ್ರ ಮೊದಲ ವಂಶಾವಳಿ ಬೇಕು. ಸತ್ತವರಿಗೆ ಯಾರು ಯಾರು ವಾರಸದಾರರು ಅಂತ. ಅದಕ್ಕ ಬಾಂಡ್ ಮ್ಯಾಲ ಅಫಿಡವಿಟ್ ಮಾಡಿ ನಾಡಕಚೇರಿಗೆ ಕೊಡಬೇಕು. ತಲಾಟಿ ಮನೀಗೆ ಬಂದು ವಿಚಾರಣಿ ಮಾಡಿ, ಪಂಚರ ಸಹಿ ತಗೊಂಡು ಹೋಗ್ತಾರ."

"ಮಾಡ್ಲಿ."

"ನಿಮ್ಮ ಹೆಸರು ಬರೀಬೇಕಂದ್ರ ನೀವು ಮಾವಾರ ಹೆಂಡತಿ ಅಂತ ದಾಖಲೆ ಬೇಕು. ನಿಮ್ಮ ಆಧಾರದಾಗ, ರೇಷನ್ ಕಾರ್ಡಿನಾಗ, ಪಗಾರದ ಆದೇಶದಾಗ, ಎಲ್ಲಾದರಾಗೂ ಶಂಕ್ರವ್ವ ಕೋಂ ಯಲ್ಲಪ್ಪ ಅಂತ ಐತಿ. ಯಲ್ಲಪ್ಪನ ಹೆಂಡತಿ ಅಂತ."

"ಅದೇನು ನನಗ ಗೊತ್ತಿಲ್ಲೇನು? ನಿಮ್ಮ ಮಾವನ ಬರಿಸ್ಯಾನ."

"ಈಗ ನೀವು ಸೋಮಪ್ಪನ ಹೆಂಡತಿ ಅಂತ ಹೇಳಿದ್ರ, ಇಷ್ಟು ವರ್ಷ ತಗೊಂಡ ಪಗಾರ ಸುಳ್ಳು ಹೇಳಿ ತಗೊಂಡಂಗ ಆಗ್ತೈತಿ. ವಾಪಸ್ ಕೇಳ್ತಾರ. ಕೇಸ್ ಹಾಕಿದ್ರೂ ಹಾಕಿದ್ರ. ನಾ ಹೆದರಿಸಾಕ ಹೇಳಾತಿಲ್ಲ."

ಶಂಕ್ರವ್ವ ಹಿಟ್ಟಿನ ಕೈಯನ್ನು ಉಜ್ಜಿಕೊಂಡಳು. "ಹಂಗಾದ್ರ ಪಗಾರ ಬಿಡ್ತೇನಿ," ಅಂದಳು. "ಕೇಳಿದ್ರ ದುಡದು ಕಟ್ಟತೇನಿ, ಪಾತ್ರಿ ತಿಕ್ಕಿ. ನೀ ಸೋಮಪ್ಪನ ಹೆಂಡತಿ ಅಂತ ಬರಿ."

ಸುವರ್ಣಾ ಈ ಉತ್ತರವನ್ನು ಎಣಿಸಿರಲಿಲ್ಲ. "ನೋಡೂಣು ಅತ್ತಿ," ಅಂದು ಎದ್ದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಜಗಳ ಸಣ್ಣ ಸಣ್ಣದಾಗಿ ನಡೆಯಿತು. ಸುವರ್ಣಾ ಬೆಳಿಗ್ಗೆ ಎರಡೇ ಕಪ್ಪು ಚಹಾ ಮಾಡಿ, "ಅಯ್ಯ, ನೀವು ಕುಡದೀರಿ ಅಂತ ತಿಳಕೊಂಡೆ," ಅನ್ನುವಳು. ಶಂಕ್ರವ್ವ ಬಡಿಸಿದ ತಾಟನ್ನು ಮಲ್ಲೇಶ ಮುಟ್ಟದೆ, ಬೇರೆ ತಾಟು ತೆಗೆದುಕೊಳ್ಳುವನು. ಬಟ್ಟೆ ಒಗೆಯುವ ಸಾಬೂನು ಕಪಾಟಿನೊಳಗೆ ಹೋಯಿತು. ಶಂಕ್ರವ್ವನೂ ಸುಮ್ಮನಿರುವ ಹೆಂಗಸಲ್ಲ. ಮಗ ಜೀಪು ತೊಳೆಯುವಾಗ ಕಟ್ಟೆಯ ಮೇಲೆ ಕೂತು ಕಾಶೆವ್ವನಿಗೆ ಕೇಳಿಸುವಂತೆ ಹೇಳುವಳು, "ಇಂವನ ಹೇಲು ತೊಳದ ಕೈ ಇದು. ಈಗ ಈ ಕೈ ಅನ್ನ ನಾರ್ತೈತಂತ."

"ಆ ಕೈಗೆ ನಮ್ಮಪ್ಪ ಬಳಿ ಹಾಕಸ್ಯಾನ. ಲೆಕ್ಕ ಚುಕ್ತಾ," ಅಂದ ಮಲ್ಲೇಶ.

"ಲೆಕ್ಕ ಮಾಡಾಕ ಕಲಿಸಿದ ಫೀಸು ಯಲ್ಲಪ್ಪ ಕಟ್ಯಾನಪ್ಪ."

"ಹೌದು. ಯಲ್ಲಪ್ಪನ ಹೆಂಡತಿಗೆ ಯಲ್ಲಪ್ಪನ ಮನ್ಯಾಗ ಪಾಲು ಕೇಳಂತ ಹೇಳು," ಅಂದು ಅವನು ಕಾಶೆವ್ವನ ಕಡೆ ನೋಡಿ ನಕ್ಕ. ಕಾಶೆವ್ವ ಒಳಗೆ ಹೋದಳು.

ಮರುದಿನ ಶಂಕ್ರವ್ವ ಸತ್ತೆವ್ವನಿದ್ದ ಮುಂಡಗೋಡಕ್ಕೆ ಹೋದಳು. ಹಳಿಯಾಳದಲ್ಲಿ ಬಸ್ಸು ಬದಲಿಸಿ ಇಳಿಯುವಷ್ಟರಲ್ಲಿ ಸಂತೆ ತುಂಬಿತ್ತು. ಸತ್ತೆವ್ವ ಸಂತೆಯ ಅಂಚಿನಲ್ಲಿ ಒಣಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಕಣ್ಣು ಮಸುಕಾಗಿದ್ದರೂ ನಾಲಿಗೆ ಚುರುಕಾಗಿತ್ತು.

"ಯಾಕ ಬಂದಿ? ನನ್ನ ತಮ್ಮನ್ನ ಮುಗಿಸಿದಿ, ಈಗ ನನ್ನ ಒಯ್ಯಾಕ ಬಂದೀಯೇನು?"

"ಒಯ್ಯಾಕ ಬಂದೀನ್ರಿ ಅಕ್ಕಾರ. ತಲಾಟಿ ಮುಂದ ಒಂದು ಮಾತು ಹೇಳಬೇಕು ನೀವು. ಉಡಕಿ ಮಾಡಿದವರು ನೀವ."

ಸತ್ತೆವ್ವ ಎಲ್ಲವನ್ನೂ ಕೇಳಿದಳು. ನಡುವೆ ಗಿರಾಕಿಗಳಿಗೆ ಮೆಣಸಿನಕಾಯಿ ತೂಗಿ ಕೊಟ್ಟಳು. ಆಮೇಲೆ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು, "ಆ ಸಂಜಿ ನೆನಪೈತಿ," ಅಂದಳು. "ಹಸರ ಸೀರಿ ತಂದಿದ್ದೆ. ನೀ ಅತಗೋತ ಉಟ್ಟಿ. ಕೂಸು ಚೀರಾಡತಿತ್ತು, ತಾಳಿ ಕಟ್ಟಿದ ಕೂಡಲೇ ನಿನ್ನ ಉಡ್ಯಾಗ ಹಾಕಿದೆ. ಮಂತ್ರ ಇಲ್ಲ, ಏನಿಲ್ಲ. ಅದ ಲಗ್ನ."

"ಇಷ್ಟ ಹೇಳ್ರಿ ಸಾಕು."

"ಮಲ್ಯಾ ನನ್ನ ತಮ್ಮನ ರಕ್ತ. ಅವನ ವಿರುದ್ಧ ಹೇಳಬೇಕೇನು?"

"ವಿರುದ್ಧ ಅಲ್ರಿ. ಆದದ್ದು ಹೇಳ್ರಿ."

ಸತ್ತೆವ್ವ ಎಲೆಯ ರಸ ಉಗುಳಿ, ಮುದಿ ಕೈಯಿಂದ ಶಂಕ್ರವ್ವನ ಖಾಲಿ ಕೊರಳನ್ನು ಮುಟ್ಟಿ ನೋಡಿದಳು. "ತಲಾಟಿ ಬರೂ ದಿನ ತಿಳಸು. ಬರ್ತೇನಿ."

ಶಂಕ್ರವ್ವ ಮನೆಗೆ ಬಂದು ಈ ಸುದ್ದಿಯನ್ನು ಮುಚ್ಚಿಡಲಿಲ್ಲ. ಗೆದ್ದವಳಂತೆ ಒಲೆಯ ಮುಂದೆ ಕೂತು ಹೇಳಿದಳು. "ಸತ್ತೆವ್ವಕ್ಕ ಬರ್ತಾಳ. ತಲಾಟಿ ಯಾವಾಗ ಬರ್ತಾನ ಅನ್ನೂದು ನನಗ ಮೊದಲ ತಿಳಸು ಸುವರ್ಣಾ. ಮುಂಡಗೋಡದಿಂದ ಬರಬೇಕು ಅಕಿ."

"ತಿಳಸ್ತೇನ್ರಿ," ಅಂದಳು ಸುವರ್ಣಾ.

ಅಂದು ಮಲ್ಲೇಶ ಹೆಂಡತಿಯ ಮೇಲೆ ರೇಗಿದ. "ನಿನಗ ಇಷ್ಟೆಲ್ಲಾ ಕಾನೂನು ಗೊತ್ತೈತಿ. ಈ ಮುದಿಕಿನ್ನ ಒಂದು ಕಾಗದದಿಂದ ಬಿಡಸಾಕ ಬರೂದಿಲ್ಲ ನಿನಗ. ಅಕಿ ಹೆಸರು ಕೂತ್ರ ಸಾಲಕ್ಕೂ ಅಕಿ ಸಹಿ ಬೇಕು. ನಾಳೆ ಅಕಿ ಅಣ್ಣನ ಮಕ್ಕಳು ಬಂದು ಕೂಡ್ತಾರ."

"ನಿಮ್ಮ ದನಿ ಸಣ್ಣ ಮಾಡ್ರಿ," ಅಂದಳು ಸುವರ್ಣಾ. ಮದುವೆಯಲ್ಲಿ ತವರಿನವರು ಹಾಕಿದ ಸರ ಮಾವನ ಆಸ್ಪತ್ರೆ ಖರ್ಚಿಗೆ ಅಡವು ಹೋಗಿತ್ತು. ಅದು ಬಿಡಿಸುವ ದಾರಿ ಅವಳಿಗೂ ಆ ಎರಡು ಖೋಲಿ ಬಿಟ್ಟರೆ ಬೇರೆ ಕಾಣುತ್ತಿರಲಿಲ್ಲ. "ಕಾಗದ ನಾ ನೋಡ್ಕೋತೇನಿ. ನೀವು ಸುಮ್ನಿರ್ರಿ."

ಅಂಗಡಿಯ ಕಂಪ್ಯೂಟರಿನಲ್ಲಿ ವಂಶಾವಳಿಯ ಅಫಿಡವಿಟ್ಟಿಗೆ ಒಂದು ಸಿದ್ಧ ನಮೂನೆ ಇತ್ತು. ಹೆಸರು ಬದಲಿಸಿದರೆ ಸಾಕು. ಉದಯಕುಮಾರ ಊಟಕ್ಕೆ ಹೋದಾಗ ಸುವರ್ಣಾ ಅದನ್ನು ತೆರೆದಳು. ಮೃತರ ಹೆಂಡತಿ ಎಂಬ ಜಾಗದಲ್ಲಿ ಬರೆದಳು: ಗಂಗವ್ವ ಕೋಂ ಸೋಮಪ್ಪ, ಈ ಮೊದಲೇ ಮರಣ ಹೊಂದಿರುತ್ತಾರೆ. ಮಗ: ಮಲ್ಲೇಶ. ಅವಳು ಟೈಪ್ ಮಾಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. "ಇವರ ಹೊರತು ಮೃತರಿಗೆ ಬೇರೆ ಯಾರೂ ವಾರಸುದಾರರು ಇರುವುದಿಲ್ಲ" ಎಂಬ ಕೊನೆಯ ಸಾಲು ನಮೂನೆಯಲ್ಲಿ ಮೊದಲೇ ಇತ್ತು. ಅದನ್ನು ಅವಳು ಟೈಪ್ ಮಾಡಲಿಲ್ಲ. ಅಳಿಸಲೂ ಇಲ್ಲ. ಬಾಂಡ್ ಕಾಗದದ ಮೇಲೆ ಮುದ್ರಿಸಿ, ಮಲ್ಲೇಶನ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿ, ಸಾವಿನ ದಾಖಲೆ, ತೆರಿಗೆ ರಶೀದಿ, ರೇಷನ್ ಕಾರ್ಡು ಜೋಡಿಸಿ ಅರ್ಜಿ ಹಾಕಿದಳು. ಆ ಮನೆಯ ರೇಷನ್ ಕಾರ್ಡಿನಲ್ಲಿ ಇದ್ದದ್ದು ಸೋಮಪ್ಪ, ಮಲ್ಲೇಶ, ಸುವರ್ಣಾ. ಶಂಕ್ರವ್ವನ ಕಾರ್ಡು ಬೇರೆ.

ಕೆಲವು ದಿನ ಮನೆ ತಣ್ಣಗಿತ್ತು. ಸಾಬೂನು ಮತ್ತೆ ಹೊರಗೆ ಬಂತು. ಚಹಾ ಮೂರು ಕಪ್ಪಾಯಿತು. "ಒಪ್ಪಿದ್ರ ಹೆಂಗ ಛಂದ ಇರ್ತೈತಿ ನೋಡು," ಅಂತ ಶಂಕ್ರವ್ವ ಕಾಶೆವ್ವನ ಮುಂದೆ ಸೊಸೆಯನ್ನು ಹೊಗಳಿದಳು.

ಒಂದು ಬೆಳಿಗ್ಗೆ ಸುವರ್ಣಾ ತಲೆ ಬಾಚಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು.

"ಅತ್ತಿ, ಇವತ್ತ ತಲಾಟಿ ಬರ್ತಾರಂತ."

ಶಂಕ್ರವ್ವ ಚಮಚ ಕೆಳಗಿಟ್ಟು ತಿರುಗಿದಳು. "ಇವತ್ತ? ಮನೀ ಕಾಗದಕ್ಕೇನು? ಸತ್ತೆವ್ವಕ್ಕಗ ನಾ ಹೇಳೇ ಇಲ್ಲಲ್ಲ."

ಸುವರ್ಣಾ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಬಿಡಿಸಿ, ಉಂಡೆ ಮಾಡಿದಳು. "ವರ್ಷಾ ವರ್ಷಾ ಪಗಾರದ್ದು ಪರಿಶೀಲನಿ ಇರ್ತೈತಲ್ಲ. ಅದ ಇರಬೇಕು."

ಇರಬೇಕು, ಅಂದಳು. ಹೌದು ಅನ್ನಲಿಲ್ಲ.

"ಹಂಗಾದ್ರ ಆತು. ಮನೀ ಕೆಲಸ ಆಗೂತನಕ ಪಗಾರ ಯಾಕ ಬಿಡೂದು," ಅಂದಳು ಶಂಕ್ರವ್ವ. ಉಪ್ಪಿನ ಡಬ್ಬಿಯ ಕಡೆ ತಾನಾಗಿ ಹೋದ ಕೈಯನ್ನು ಕೊರಳಿನಲ್ಲಿ ಏನೂ ಇಲ್ಲವೆಂದು ನೆನಪಾಗಿ ಹಿಂದೆ ತೆಗೆದುಕೊಂಡು, ತಾನೇ ನಕ್ಕಳು. "ಈ ಸಲ ಬಿಚ್ಚೂ ತ್ರಾಸ ಇಲ್ಲ." ಕಟ್ಟಿಗೆ, ಸಣ್ಣ ಬೋಗುಣಿ, ಹಿಡಿ ಅಕ್ಕಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಚಪ್ಪರದ ಜೇಡರಬಲೆ ತೆಗೆದು, ಒಲೆಗೆ ಬೆಂಕಿ ಹಾಕಿದಳು. ಹಳೆಯ ಚಾಪೆ, ಒಂದು ಟ್ರಂಕು ಅಲ್ಲೇ ಇದ್ದವು. ಅವು ಯಾವಾಗಲೂ ಅಲ್ಲೇ ಇರುತ್ತಿದ್ದವು.

ತಲಾಟಿ ಹೊಸಬ, ಮಹಾಬಳೇಶ್ವರ ಎಂದು ಹೆಸರು. ಹುಡುಗ ಮುಖ, ಕೈಯಲ್ಲಿ ಫೈಲು. ಮುಂದಿನ ಖೋಲಿಯಲ್ಲಿ ಕುರ್ಚಿ ಹಾಕಿ ಕೂಡಿಸಿದರು. ಮಲ್ಲೇಶ ಎಲ್ಲ ಕಾಗದ ತೋರಿಸಿದ. ಪಂಚರ ಸಾಕ್ಷಿಗೆ ಕಾಶೆವ್ವನನ್ನು ಕರೆದಿದ್ದರು.

"ಸೋಮಪ್ಪ ಅವರಿಗೆ ಮೊದಲ ಹೆಂಡತಿ ತೀರಿದ ಮ್ಯಾಲ ಮತ್ತ ಲಗ್ನ ಆಗಿತ್ತೇನ್ರಿ ಅಜ್ಜಿ?" ಎಂದು ತಲಾಟಿ ಕೇಳಿದ.

ಕಾಶೆವ್ವ ಮಲ್ಲೇಶನನ್ನು ನೋಡಿದಳು, ಆಮೇಲೆ ಬಾಗಿಲನ್ನು. "ನಾ ಏನೂ ನೋಡಿಲ್ರಿ," ಅಂದಳು. ಅದು ನಿಜವೇ ಆಗಿತ್ತು.

"ಹಿಂದ ಹೊಗಿ ಬರಾತೈತಲ್ಲ, ಅಲ್ಲಿ ಯಾರದಾರ?"

"ಶಂಕ್ರವ್ವ ಅಂತ್ರಿ," ಅಂದ ಮಲ್ಲೇಶ. "ನಮ್ಮ ಕಡೆಯಾಕಿ. ವಿಧವಿ. ಬ್ಯಾರೆ ಕಾರ್ಡ್ ಐತಿ, ಬ್ಯಾರೆ ಅಡಿಗಿ. ಬರ್ರಿ, ನೋಡ್ರಿ ಬೇಕಾದ್ರ."

ಅವರು ಹಿತ್ತಲಿಗೆ ಬಂದಾಗ ಶಂಕ್ರವ್ವ ಎದ್ದು ಸೆರಗು ಹೊದ್ದು ನಿಂತಳು. ಅಕ್ಕಿ ಕುದಿಯುತ್ತಿತ್ತು. ಸುವರ್ಣಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು, ಮುಂದೆ ಬರಲಿಲ್ಲ.

"ಹೆಸರು?"

"ಶಂಕ್ರವ್ವ್ರಿ."

"ಗಂಡನ ಹೆಸರು?"

"ಯಲ್ಲಪ್ಪ. ತೀರಿಕೊಂಡಾರ್ರಿ."

"ಮತ್ತ ಲಗ್ನ ಆಗೀರೇನು?"

"ಇಲ್ರಿ."

"ಇರೂದು ಇಲ್ಲೇನು?"

"ಇಲ್ಲೇರಿ. ಬ್ಯಾರೆ ಅಡಿಗಿ ಮಾಡ್ಕೊಂಡು."

ಉತ್ತರಗಳು ಒಂದರ ಹಿಂದೆ ಒಂದು, ತಡವರಿಸದೆ ಬಂದವು. ತಲಾಟಿ ಬರೆದುಕೊಂಡ. ಪಗಾರದ ಆದೇಶವನ್ನು ಅವಳೇ ಸೆರಗಿನಿಂದ ತೆಗೆದು ಚಾಚಿದಳು. ಅವನು ಅದನ್ನು ನೋಡಿ, ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡ. "ಸೋಮಪ್ಪ ಅವರು ಗೊತ್ತಿದ್ರೇನು ನಿಮಗ?"

ಶಂಕ್ರವ್ವ ಒಂದು ಕ್ಷಣ ತಲೆಯೆತ್ತಿದಳು. ಈ ಪ್ರಶ್ನೆ ಹಿಂದೆ ಯಾರೂ ಕೇಳಿರಲಿಲ್ಲ. "ಗೊತ್ರಿ. ಮನೀ ಮಾಲಕರು," ಅಂದಳು.

"ಹಂಗ ಇದ್ರ ನೀವೂ ಒಂದು ಸಹಿ ಮಾಡ್ರಿ ಪಂಚರಾಗಿ. ಇಬ್ಬರು ಬೇಕು."

ಪಗಾರದ ಪರಿಶೀಲನೆಗೂ ಪ್ರತಿಸಲ ಸಹಿ ಮಾಡಿಸಿಕೊಳ್ಳುತ್ತಿದ್ದರು. ಸಹಿ ಕಲಿಸಿದವನು ಸೋಮಪ್ಪನೇ. ಕಾರ್ಖಾನೆಯಿಂದ ತಂದ ರದ್ದಿ ಹಾಳೆಯ ಮೇಲೆ ಸಂಜೆ ಸಂಜೆ ಬರೆಸಿದ್ದ: ಶಂ, ಕ್ರ, ವ್ವ. ಅವಳು ಫೈಲನ್ನು ಟ್ರಂಕಿನ ಮೇಲೆ ಇಟ್ಟುಕೊಂಡು, ನಾಲಿಗೆ ಕಚ್ಚಿ, ನಿಧಾನವಾಗಿ ಬರೆದಳು.

ತಲಾಟಿ ಫೈಲು ಮುಚ್ಚಿದ. "ಮಲ್ಲೇಶ ಅವರ, ನಿಮ್ಮ ವಂಶಾವಳಿ ನಾಳೆ ಅಪ್ರೂವ್ ಆಗ್ತೈತಿ. ನೀವು ಒಬ್ಬರ ಅಂತ ವರದಿ ಹಾಕ್ತೇನಿ."

ಅವರು ಮುಂಬಾಗಿಲಿಗೆ ಹೋದರು. ಕಾಶೆವ್ವ ಶಂಕ್ರವ್ವನ ಮುಖ ನೋಡದೆ ಬೇಲಿ ದಾಟಿದಳು. ಶಂಕ್ರವ್ವ ಅಲ್ಲೇ ನಿಂತಿದ್ದಳು. ಹೊಸ್ತಿಲಲ್ಲಿದ್ದ ಸುವರ್ಣಾಳನ್ನು ನೋಡಿದಳು.

"ಇರಬೇಕು ಅಂದ್ಯಲ್ಲ," ಅಂದಳು.

"ನನಗೂ ಖಾತ್ರಿ ಇರಲಿಲ್ಲ ಅತ್ತಿ."

"ಅತ್ತಿ ಅನಬ್ಯಾಡ. ನಾ ಯಲ್ಲಪ್ಪನ ಹೆಂಡತಿ. ಈಗಷ್ಟ ಬರದು ಕೊಟ್ಟೆ."

ಒಲೆಯ ಪಕ್ಕ ನೀರಿನ ತಂಬಿಗೆ ಸಿದ್ಧವಾಗಿತ್ತು. ಅವಳು ಅದನ್ನು ಒಲೆಗೆ ಸುರಿಯಲಿಲ್ಲ. ಅನ್ನ ಬೆಂದ ಮೇಲೆ ಅಲ್ಲೇ ಕೂತು ಉಂಡಳು, ಉಪ್ಪು ಹಾಕಿಕೊಂಡು.

ಉತಾರ ಬದಲಿಸುವ ಮೊದಲು ತಕರಾರು ಇದ್ದವರು ಹೇಳಬಹುದೆಂದು ಕಚೇರಿಯ ಗೋಡೆಗೆ ನೋಟಿಸು ಅಂಟಿಸಿದರು. ಯಾರಿಂದಲೋ ಅದನ್ನು ಓದಿಸಿಕೊಂಡ ಶಂಕ್ರವ್ವ ಮುಂಡಗೋಡಕ್ಕೆ ಹೇಳಿ ಕಳಿಸಿ ಸತ್ತೆವ್ವನನ್ನು ಕರೆಸಿದಳು. ಇಬ್ಬರೂ ಕೈಕೈ ಹಿಡಿದುಕೊಂಡು ಉದಯಕುಮಾರನ ಅಂಗಡಿಗೆ ಬಂದರು. ತಕರಾರು ಅರ್ಜಿ ಬರೆಯುವ ಅಂಗಡಿ ಅದೊಂದೇ ಶಂಕ್ರವ್ವನಿಗೆ ಗೊತ್ತಿತ್ತು.

"ಯಾರ ವಿರುದ್ಧ ಬರೀಬೇಕು ಅಜ್ಜಿ?" ಎಂದು ಉದಯಕುಮಾರ ಕೇಳಿದ.

"ಇಲ್ಲಿ ಕುಂತಾಳಲ್ಲ, ಅಕಿ ಗಂಡನ ವಿರುದ್ಧ."

ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಉದಯಕುಮಾರನಿಗೆ ಮುಜುಗರವಾಯಿತು. "ಗಿರಾಕಿ ಗಿರಾಕೀನ. ಸುವರ್ಣಾ, ಟೈಪ್ ಮಾಡು. ನಾ ನೋಟರಿ ಕಡೆ ಹೋಗಿ ಬರ್ತೇನಿ," ಎಂದು ಎದ್ದುಹೋದ.

ಸುವರ್ಣಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ದಿನಾಲು ಎಲ್ಲರಿಗೂ ಕೇಳುವ ದನಿಯಲ್ಲಿಯೇ ಕೇಳಿದಳು.

"ಅರ್ಜಿದಾರರ ಹೆಸರು?"

"ಶಂಕ್ರವ್ವ."

"ಗಂಡನ ಹೆಸರು?"

"ಸೋಮಪ್ಪ."

"ದಾಖಲೆ ಕೊಡ್ರಿ."

ಸತ್ತೆವ್ವ ಮೇಜಿಗೆ ಕೈ ಬಡಿದಳು. "ನಾ ಅದೀನಲ್ಲ ದಾಖಲೆ. ನನ್ನ ಕೈಯಾರೆ ಉಡಕಿ ಮಾಡೇನಿ."

"ನೀವು ಹೇಳಿದ್ದು ಬರೀತೇನ್ರಿ," ಅಂದಳು ಸುವರ್ಣಾ. "ಆದ್ರ ಪಂಚನಾಮೆದಾಗ ಇವರ ಹೇಳ್ಯಾರ, ಗಂಡ ಯಲ್ಲಪ್ಪ, ಮರುಲಗ್ನ ಇಲ್ಲ, ಸೋಮಪ್ಪ ಮನೀ ಮಾಲಕರು ಅಂತ. ಸಹಿನೂ ಇವರದ. ಈಗ ಅದು ಸುಳ್ಳು ಅಂದ್ರ, ಸರಕಾರಿ ನೌಕರನ ಮುಂದ ಸುಳ್ಳು ಹೇಳಿದ್ದಕ್ಕ ಇವರ ಮ್ಯಾಲ ಕೇಸ್ ಆಗ್ತೈತಿ. ನಿಮ್ಮ ಮ್ಯಾಲೂ ಆಗ್ತೈತಿ, ಉಡಕಿ ಮಾಡಿ ಪಗಾರ ತಗೊಳ್ಳಾಕ ಬಿಟ್ಟಿದ್ದಕ್ಕ. ಬರೀಲೇನು?"

ಎರಡನೆಯ ಮಾತು ಯಾವ ಕಾನೂನಿನಲ್ಲೂ ಇರಲಿಲ್ಲ. ಸತ್ತೆವ್ವನಿಗೆ ಅದು ಗೊತ್ತಿರಲಿಲ್ಲ. ಅವಳ ಕೈ ಮೇಜಿನಿಂದ ನಿಧಾನವಾಗಿ ಕೆಳಗಿಳಿಯಿತು.

"ಶಂಕ್ರಿ," ಅಂದಳು. "ನಾ ಈ ವಯಸ್ಸಿನಾಗ ಕೋರ್ಟ ಮೆಟ್ಟಲ ಏರಾಕಾಗೂದಿಲ್ಲವ್ವ. ಬಸ್ಸಿಗೆ ಬಿಡು ನನ್ನ."

ಶಂಕ್ರವ್ವ ಅವಳನ್ನು ಬಸ್ಸಿಗೆ ಬಿಟ್ಟುಬಂದಳು. ಬಸ್ಸು ಹೊರಡುವಾಗ ಸತ್ತೆವ್ವ ಕಿಟಕಿಯಿಂದ ಸಣ್ಣ ಪೊಟ್ಟಣದಲ್ಲಿ ಕಟ್ಟಿದ ಮೆಣಸಿನಕಾಯಿ ಕೊಟ್ಟಳು.

ಉತಾರಕ್ಕೆ ಮಲ್ಲೇಶನ ಹೆಸರು ಹತ್ತಿತು. ಶಂಕ್ರವ್ವ ತನ್ನ ಹಾಸಿಗೆಯನ್ನು ತಾನೇ ಹಿತ್ತಲಿಗೆ ಒಯ್ದಳು. ಹೋಗು ಅಂತ ಯಾರೂ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಮೇಲೆ ಖೋಲಿ ಕಟ್ಟುವ ಗೌಂಡಿ ಬಂದು, ಮೆಟ್ಟಿಲು ಹಿತ್ತಲಿನಿಂದ ಏರಿಸಿದರೆ ಛಲೋ, ಈ ಚಪ್ಪರ ತೆಗೆಯಬೇಕು, ಅಂದ. "ಅದು ಇರ್ಲಿ," ಅಂದಳು ಸುವರ್ಣಾ ಗಡಬಡಿಸಿ. "ಪರಿಶೀಲನಿಗೆ ಬರ್ತಾರ." ಶಂಕ್ರವ್ವ ಒಲೆ ಊದುತ್ತ ಕೇಳಿಸಿಕೊಂಡಳು. ಅವತ್ತಿನಿಂದ ಅವಳಿಗೆ ಒಂದು ರೂಢಿಯಾಯಿತು. ಸುವರ್ಣಾ ಕೆಲಸಕ್ಕೆ ಹೊರಟಾಗ ಬೇಲಿಯ ಹತ್ತಿರ ಬಂದು ನಿಂತು, ಓಣಿಯವರಿಗೆಲ್ಲ ಕೇಳುವಂತೆ, "ಇವತ್ತ ತಲಾಟಿ ಬರ್ತಾನೇನು?" ಎಂದು ಕೇಳುವಳು. ಸುವರ್ಣಾ ಬೇಗ ಬೇಗ ನಡೆಯುವಳು. ಅಂಗಡಿಯಲ್ಲಿ ಯಾರಾದರೂ ತಲಾಟಿಯ ಹೆಸರು ತೆಗೆದರೆ ಅವಳ ಬೆರಳು ತಪ್ಪು ಅಕ್ಷರದ ಮೇಲೆ ಬೀಳತೊಡಗಿತು.

ಪಗಾರ ಬಂದ ದಿನ ರಹಿಮತಬಿ ಎಂದಿನಂತೆ ಮೀನಿನ ಬುಟ್ಟಿ ಹೊತ್ತು ಬಂದಳು. ಮುಂಬಾಗಿಲಿಗೆ ಹೋಗಿ, ಅಲ್ಲಿಂದ ಹಿತ್ತಲಿಗೆ ಬಂದಳು. ಶಂಕ್ರವ್ವ ಆರಿಸಿ ತೆಗೆದುಕೊಂಡು, ಬೂದಿ ಹಚ್ಚಿ ತೊಳೆದು, ಸತ್ತೆವ್ವ ಕೊಟ್ಟ ಮೆಣಸಿನಕಾಯಿ ಅರೆದು ಸಾರು ಮಾಡಿದಳು. ವಾಸನೆ ಮನೆಯೊಳಗೆ ಹೋಯಿತು.

ಸಂಜೆ ಜೀಪು ನಿಲ್ಲಿಸಿದ ಮಲ್ಲೇಶನಿಗೆ ಆ ವಾಸನೆ ಹತ್ತಿತು. ಬೆಳಿಗ್ಗೆಯಿಂದ ಪ್ರವಾಸಿಗರನ್ನು ಹೊತ್ತು ತಿರುಗಿ ಹಸಿದಿದ್ದ. ಒಳಗೆ ಸುವರ್ಣಾ ಮಾಡಿದ್ದು ಬೇಳೆ. ಅವನು ಹಿತ್ತಲಿಗೆ ಬಂದು, ಚಪ್ಪರದ ಕಂಬ ಹಿಡಿದು ನಿಂತ. ಸಣ್ಣವನಿದ್ದಾಗಿನ ನಗೆಯನ್ನು ಮುಖಕ್ಕೆ ತಂದುಕೊಂಡ.

"ಯವ್ವಾ," ಅಂದ. "ಯಲ್ಲಪ್ಪ ಏನು ತಿನಸ್ತಾನ ಇವತ್ತ?"

ಶಂಕ್ರವ್ವ ಬೋಗುಣಿಯ ಮುಚ್ಚಳ ತೆಗೆಯಲಿಲ್ಲ. ಅದರೊಳಗೆ ಇನ್ನೂ ಸಾರು ಇತ್ತು. ಬಾಗಿಲಲ್ಲಿ ನಿಂತಿದ್ದ ಸುವರ್ಣಾಳಿಗೂ ಅದು ಗೊತ್ತಾಗುತ್ತಿತ್ತು.

"ಯಲ್ಲಪ್ಪಗ ಮಕ್ಕಳಿಲ್ರಿ," ಅಂದಳು ಶಂಕ್ರವ್ವ, ತಲಾಟಿಗೆ ಹೇಳುವ ದನಿಯಲ್ಲಿ. "ಹೆಂಡತಿ ಒಬ್ಬಾಕಿ. ಅಕಿ ಉಂಡಾಳ."

ತಂಬಿಗೆಯ ನೀರನ್ನು ಬೋಗುಣಿಗೆ ಸುರಿದು, ಮಿಕ್ಕ ಸಾರನ್ನು ಬೇಲಿಯಾಚೆ ಚೆಲ್ಲಿದಳು. ಓಣಿಯ ನಾಯಿಗಳು ಓಡಿ ಬಂದವು.